ಸಹಿಯ ಹಿಂದಿನ ಗಣಿತ ಮತ್ತು ನಮ್ಮ ಮನೆಯ ಮಕ್ಕಳು

ಪಹಣಿ, ಆದಾಯ ಪ್ರಮಾಣ ಪತ್ರ, ಮನೆಯ ಖಾತಾ, ಮಗಳ ಅಂಕಪಟ್ಟಿ. ಒಂದು ತಲೆಮಾರಿನ ಹಿಂದೆ ಇವುಗಳಿಗಾಗಿ ನಮ್ಮ ಹಿರಿಯರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಅಧಿಕಾರಿಯ ಸಹಿ ಮತ್ತು ದುಂಡನೆಯ ಮೊಹರು ಬಿದ್ದ ಬಳಿಕವಷ್ಟೇ ಅವರಿಗೆ ನೆಮ್ಮದಿ. ಇಂದು ಆರ್.ಟಿ. ನಗರದ ಅಥವಾ ಯಲಹಂಕದ ಯಾವುದೇ ಸೈಬರ್ ಅಂಗಡಿಗೆ ಹೋದರೂ ಸಾಕು, ಆ ಕಾಗದ ಯಂತ್ರದಿಂದ ಹೊರಬೀಳುತ್ತದೆ. ಅದರ ಮೇಲೆ ಶಾಯಿಯಿಲ್ಲ, ಮೊಹರಿಲ್ಲ. ಈ ದಾಖಲೆಗೆ ಡಿಜಿಟಲ್ ಸಹಿ ಮಾಡಲಾಗಿದೆ, ಕೈಬರಹದ ಸಹಿಯ ಅಗತ್ಯವಿಲ್ಲ ಎಂಬ ಅರ್ಥದ ಒಂದು ಸಾಲು ಮಾತ್ರ ಅಡಿಯಲ್ಲಿರುತ್ತದೆ. ನಾವು ಅದನ್ನು ಮಡಚಿ ಜೇಬಿಗಿಟ್ಟು ಮನೆಗೆ ಬರುತ್ತೇವೆ. ಬೆಂಗಳೂರಿನಲ್ಲಿ 2024ರಿಂದ ಇ-ಖಾತಾ ಇಲ್ಲದೆ ಆಸ್ತಿಯ ನೋಂದಣಿಯೇ ನಡೆಯುವುದಿಲ್ಲ ಎಂದಾದ ಮೇಲಂತೂ, ಒಂದು ಕುಟುಂಬ ಇಡೀ ಜೀವಮಾನ ದುಡಿದು ಕಟ್ಟಿದ ಸೂರು ಕಣ್ಣಿಗೆ ಕಾಣದ ಒಂದು ಸಹಿಯ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಈ ಸಹಿಯನ್ನು ಯಾರೂ ನಕಲು ಮಾಡಲಾರರೆಂದು ನಮಗೆ ಹೇಳಿದವರು ಯಾರು? ಅವರಿಗೆ ಅದು ಹೇಗೆ ಗೊತ್ತು?

ಕಾನೂನು ಹೇಳುತ್ತದೆ ಎಂಬುದು ಸುಲಭದ ಉತ್ತರ. ನಿಜ, ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಾಗ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ದೊರೆಯಿತು. ಆದರೆ ಕಾನೂನು ನಕಲಿ ನೋಟು ಮುದ್ರಿಸುವುದನ್ನೂ ನಿಷೇಧಿಸಿದೆ. ನಕಲಿ ನೋಟುಗಳೇನೂ ನಿಂತಿಲ್ಲ. ಕಾನೂನು ಅಪರಾಧಿಯನ್ನು ಶಿಕ್ಷಿಸಬಲ್ಲದು, ಅಪರಾಧವನ್ನು ಅಸಾಧ್ಯಗೊಳಿಸಲಾರದು. ಡಿಜಿಟಲ್ ಸಹಿಯ ವಿಷಯದಲ್ಲಿ ಆ ಕೆಲಸವನ್ನು ವಹಿಸಿಕೊಂಡಿರುವುದು ಗಣಿತ. ಆ ಗಣಿತ ನಂಬಿಕೆಗೆ ಅರ್ಹವೇ ಎಂದು ಪರೀಕ್ಷಿಸುವ ಕೆಲಸ ನಮ್ಮದೇ ನಗರದಲ್ಲಿ, ಯಶವಂತಪುರದ ಮಗ್ಗುಲಿನಲ್ಲಿ ನಡೆದಿದೆ. ಅದನ್ನು ಮಾಡುವವರು ನಾಲ್ಕೈದು ವರ್ಷ ಸರಕಾರದ ಶಿಷ್ಯವೇತನ ಪಡೆದು ಸಂಶೋಧನೆಯಲ್ಲಿ ತೊಡಗಿದ ಯುವಕ ಯುವತಿಯರು. ನಮ್ಮ ಮನೆಗಳಲ್ಲಿ ಈ ಕೆಲಸದ ಸುದ್ದಿಯೇ ಇಲ್ಲವೆಂಬುದು ಈ ಸಂಪಾದಕೀಯದ ಕಳವಳ.

ಸಹಿ ಮತ್ತು ಮೊಹರಿನ ಪ್ರಶ್ನೆ ನಮಗೆ ಹೊಸದಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ನ್ಯಾಯನಿಷ್ಠ ಬರಹಗಾರನಿರಬೇಕು, ಸಾಕ್ಷಿಗಳಿರಬೇಕು ಎಂದು ತಾಕೀತು ಮಾಡುವ ಅಲ್‌ಬಕರ ಅಧ್ಯಾಯದ 282ನೇ ವಚನವು ಕುರ್‌ಆನಿನ ಅತಿ ದೀರ್ಘ ವಚನ ಎಂಬುದು ಓದುಗರಿಗೆ ತಿಳಿದಿದೆ. ಪ್ರವಾದಿಯವರು(ಸ) ನೆರೆ ರಾಜರಿಗೆ ಪತ್ರ ಬರೆಯಲು ಉದ್ದೇಶಿಸಿದಾಗ, ಮೊಹರಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ಸಂಗಾತಿಗಳು ತಿಳಿಸಿದರು. ಆಗ ಬೆಳ್ಳಿಯ ಮುದ್ರೆಯುಂಗುರ ಸಿದ್ಧವಾಯಿತು. ಆ ಉಂಗುರ ಅಬೂಬಕರ್(ರ), ಉಮರ್(ರ) ಅವರ ಬಳಿಯಿದ್ದು, ಬಳಿಕ ಉಸ್ಮಾನ್‌(ರ)ರ ಕಾಲದಲ್ಲಿ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಬಾವಿಯನ್ನು ಶೋಧಿಸಿದರೂ ಸಿಗಲಿಲ್ಲ. ಮೊಹರಿನ ಬಲ ಮತ್ತು ದೌರ್ಬಲ್ಯ ಎರಡೂ ಈ ಘಟನೆಯಲ್ಲಿವೆ. ಮೊಹರು ಪತ್ರಕ್ಕೆ ಅಧಿಕಾರ ಕೊಡುತ್ತದೆ. ಆದರೆ ಅದು ಒಂದು ವಸ್ತು. ವಸ್ತು ಕಳೆದುಹೋಗಬಹುದು, ಇನ್ನೊಬ್ಬರ ಕೈಗೆ ಸಿಗಬಹುದು, ಅಕ್ಕಸಾಲಿಗ ಅಂಥದೇ ಇನ್ನೊಂದನ್ನು ಎರಕ ಹೊಯ್ಯಬಹುದು. ಅದಕ್ಕಿಂತ ಮುಖ್ಯವಾಗಿ, ಒಂದೇ ಮೊಹರು ಎಲ್ಲ ಪತ್ರಗಳ ಮೇಲೂ ಒಂದೇ ರೀತಿ ಬೀಳುತ್ತದೆ. ಈ ಪತ್ರದ ಮೇಲಿನ ಮೊಹರನ್ನು ಆ ಪತ್ರಕ್ಕೆ ಅಂಟಿಸುವ ಕುಶಲಿಗಳು ಎಲ್ಲ ಕಾಲದಲ್ಲೂ ಇದ್ದರು.

ಡಿಜಿಟಲ್ ಸಹಿ ಈ ಕೊನೆಯ ದೋಷವನ್ನು ನಿವಾರಿಸುತ್ತದೆ. ಇಲ್ಲಿ ಪ್ರತಿಯೊಬ್ಬನ ಬಳಿಯೂ ಎರಡು ದೊಡ್ಡ ಸಂಖ್ಯೆಗಳಿರುತ್ತವೆ. ಒಂದು ಗುಟ್ಟಿನದು, ಇನ್ನೊಂದು ಲೋಕಕ್ಕೆಲ್ಲ ಗೊತ್ತಿರುವುದು. ಗುಟ್ಟಿನ ಸಂಖ್ಯೆಯನ್ನು ದಾಖಲೆಯ ಸಾರಾಂಶದೊಂದಿಗೆ ಬೆರೆಸಿ ಲೆಕ್ಕ ಮಾಡಿದರೆ ಸಹಿ ಹುಟ್ಟುತ್ತದೆ. ಬಹಿರಂಗ ಸಂಖ್ಯೆಯಿಂದ ಆ ಸಹಿ ಸರಿಯೇ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಅದರಿಂದ ಸಹಿಯನ್ನು ಹುಟ್ಟಿಸಲಾಗದು. ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಹಿ ಸುಳ್ಳಾಗುತ್ತದೆ. ಈ ವಿಚಾರವನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಮುಂದಿಟ್ಟರು. ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ಅದನ್ನು ಕಾರ್ಯಗತಗೊಳಿಸುವ ವಿಧಾನವನ್ನು 1978ರಲ್ಲಿ ಪ್ರಕಟಿಸಿದರು. ಹೆಲ್‌ಮನ್‌ರ ಕೈಕೆಳಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ, ಕೈರೋದಲ್ಲಿ ಜನಿಸಿದ ತಾಹಿರ್ ಅಲ್‌ಜಮಲ್ 1985ರಲ್ಲಿ ಇನ್ನೊಂದು ವಿಧಾನವನ್ನು ಕೊಟ್ಟರು. ಜಗತ್ತು ಅವರನ್ನು ಎಲ್‌ಗಮಲ್ ಎಂಬ ಈಜಿಪ್ಟಿನ ಉಚ್ಚಾರದಲ್ಲಿ ಬಲ್ಲದು. ಅಮೆರಿಕ ಸರಕಾರ 1994ರಲ್ಲಿ ಅಂಗೀಕರಿಸಿದ ಅಧಿಕೃತ ಡಿಜಿಟಲ್ ಸಹಿಯ ಮಾನದಂಡ ಇದೇ ವಂಶದ್ದು.

ಗುಪ್ತಲಿಪಿಯನ್ನು ಅಕ್ಷರಗಳ ಬಳಕೆಯ ಎಣಿಕೆಯಿಂದ ಭೇದಿಸುವ ಬಗೆಯನ್ನು 9ನೇ ಶತಮಾನದ ಬಗ್ದಾದಿನಲ್ಲಿ ಅಲ್‌ಕಿಂದಿ ಬರೆದಿಟ್ಟಿದ್ದರು ಎಂದು ನಮ್ಮ ಭಾಷಣಕಾರರು ಆಗಾಗ ನೆನಪಿಸುವುದುಂಟು. ನೆನಪಿಸಲಿ, ಅದು ಸತ್ಯ. ಆದರೆ ಹನ್ನೊಂದು ಶತಮಾನಗಳ ಹಿಂದಿನ ಒಂದು ಹೆಸರನ್ನು ವೇದಿಕೆಯಲ್ಲಿ ಉಚ್ಚರಿಸುವವರಿಗೆ, ನಮ್ಮ ಜೀವಿತಕಾಲದಲ್ಲೇ ಕೈರೋದಿಂದ ಹೊರಟ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಹೆಸರು ಗೊತ್ತಿಲ್ಲದಿರುವುದು ವಿಚಿತ್ರವೇ ಸರಿ.

ಎಲ್‌ಗಮಲ್‌ರ ಸಹಿಯಲ್ಲಿಯೇ ಒಂದು ಪಾಠವಿದೆ. ಅದು ಪ್ರಕಟವಾದ ಮೂಲ ರೂಪದಲ್ಲಿ, ಗುಟ್ಟಿನ ಸಂಖ್ಯೆ ಗೊತ್ತಿಲ್ಲದವನೂ ಒಂದು ಸಂದೇಶ ಮತ್ತು ಅದಕ್ಕೆ ಹೊಂದುವ ಸಹಿಯನ್ನು ತಯಾರಿಸಬಹುದಿತ್ತು. ಆ ಸಂದೇಶ ಅರ್ಥವಿಲ್ಲದ ಅಂಕಿಗಳ ರಾಶಿಯಾಗಿರುತ್ತಿತ್ತು, ಯಾರ ಜಮೀನನ್ನೂ ಅದರಿಂದ ಕಬಳಿಸುವಂತಿರಲಿಲ್ಲ. ಅಷ್ಟಾದರೂ ಅದು ನಕಲಿಯೇ. ಇಂದು ನಿರುಪದ್ರವಿಯಾಗಿ ಕಂಡದ್ದು ನಾಳೆ ಬೇರೊಂದು ಬಳಕೆಯಲ್ಲಿ ಉಪದ್ರವವಾಗಬಹುದು. ಆದ್ದರಿಂದಲೇ ಷಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ರಿವೆಸ್ಟ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸುರಕ್ಷಿತ ಸಹಿ ಎಂದರೇನೆಂದು ಅತ್ಯಂತ ಕಠಿಣವಾದ ವ್ಯಾಖ್ಯೆ ನೀಡಿದರು. ಖೋಟಾಗಾರನನ್ನು ಎದುರಿಗೆ ಕೂರಿಸಿಕೊಳ್ಳಿ. ಅವನು ಕೇಳಿದ ಯಾವ ದಾಖಲೆಗಾದರೂ, ಎಷ್ಟು ಬಾರಿಯಾದರೂ, ನಿಜವಾದ ಸಹಿ ಹಾಕಿ ಕೊಡಿ. ಒಂದು ಸಹಿಯನ್ನು ನೋಡಿ ಮುಂದಿನ ದಾಖಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅವನಿಗಿರಲಿ. ಕೊನೆಗೆ ಅವನು, ತಾನು ಕೇಳದೇ ಇದ್ದ ಒಂದೇ ಒಂದು ಹೊಸ ಸಂದೇಶದ ಮೇಲೆ, ಅದು ಅರ್ಥಹೀನವಾಗಿದ್ದರೂ ಸರಿಯೇ, ಸಹಿ ತಯಾರಿಸಿ ತೋರಿಸಿದರೆ ಅವನು ಗೆದ್ದಂತೆ. ಇಷ್ಟೆಲ್ಲ ಸವಲತ್ತು ಕೊಟ್ಟ ಮೇಲೂ ಅವನು ಗೆಲ್ಲುವ ಸಾಧ್ಯತೆ ನಗಣ್ಯವಾಗಿರಬೇಕು. ಶತ್ರುವಿಗೆ ಇಷ್ಟೊಂದು ಔದಾರ್ಯ ತೋರಿ ಬಳಿಕ ಅವನನ್ನು ಸೋಲಿಸುವ ಪಣ ಇನ್ನಾವ ಶಾಸ್ತ್ರದಲ್ಲಿದೆಯೋ ನಾವರಿಯೆವು. ಗೋಲ್ಡ್‌ವಾಸರ್ ಮತ್ತು ಮಿಕಾಲಿಯವರಿಗೆ 2012ರ ಟ್ಯೂರಿಂಗ್ ಪ್ರಶಸ್ತಿ ಸಂದದ್ದು ಈ ಬಗೆಯ ಕೆಲಸಕ್ಕಾಗಿ.

ಖೋಟಾಗಾರ ಗೆಲ್ಲಲಾರನೆಂದು ಸಾಧಿಸುವುದು ಹೇಗೆ? ಜಗತ್ತಿನ ಖೋಟಾಗಾರರನ್ನೆಲ್ಲ ಕರೆದು ಪರೀಕ್ಷಿಸಲಾಗದು. ಅತಿ ಚತುರನಾದವನು ಇನ್ನೂ ಹುಟ್ಟಿಲ್ಲದಿರಬಹುದು. ಇಲ್ಲಿ ಗಣಿತಜ್ಞರು ಒಂದು ಉಪಾಯ ಹೂಡುತ್ತಾರೆ. ಅಂಥ ಖೋಟಾಗಾರ ಇದ್ದಾನೆಂದೇ ಇಟ್ಟುಕೊಳ್ಳೋಣ, ಅವನನ್ನೇ ಕೂಲಿಗೆ ಹಿಡಿಯೋಣ ಎನ್ನುತ್ತಾರೆ. ಅವನ ಚಾತುರ್ಯವನ್ನು ಬಳಸಿಕೊಂಡು, ದೊಡ್ಡ ದೊಡ್ಡ ಗಣಿತಜ್ಞರೂ ಬಿಡಿಸಲಾಗದ ಒಂದು ಹಳೆಯ ಒಗಟನ್ನು ಬಿಡಿಸಿ ತೋರಿಸುತ್ತಾರೆ. ಅರ್ಥಾತ್, ಈ ಸಹಿಯನ್ನು ಮುರಿಯುವವನು ಆ ಒಗಟನ್ನೂ ಮುರಿದಂತೆ. ಒಗಟು ಕಠಿಣವೆಂದು ನಂಬಿರುವವರೆಗೆ ಸಹಿಯನ್ನೂ ನಂಬಬಹುದು. ಆದರೆ ಈ ಉಪಾಯ ಫಲಿಸಬೇಕಾದರೆ ಖೋಟಾಗಾರನಿಗೆ ತಾನು ಯಾರದೋ ಕೂಲಿ ಮಾಡುತ್ತಿದ್ದೇನೆಂದು ಗೊತ್ತಾಗಬಾರದು. ಅವನ ಸುತ್ತ ಕಟ್ಟಿದ ನಾಟಕ ನಿಜದಂತೆಯೇ ಇರಬೇಕು. ಪುಟಗಟ್ಟಲೆ ಸಾಗುವ ಆ ತರ್ಕದಲ್ಲಿ ಎಲ್ಲಾದರೂ ಒಂದು ಎಳೆ ಸಡಿಲವಾದರೆ, ಸಾಧನೆ ಸಾಧನೆಯಾಗಿ ಉಳಿಯುವುದಿಲ್ಲ. ಪಾಯಿಂಟ್‌ಶವಾಲ್ ಮತ್ತು ಸ್ಟರ್ನ್ ಎಂಬ ಇಬ್ಬರು ಫ್ರೆಂಚರು 1996ರಲ್ಲಿ ಎಲ್‌ಗಮಲ್‌ರ ಸಹಿಯನ್ನು ಸ್ವಲ್ಪ ತಿದ್ದಿ, ಇಂಥದೊಂದು ಸಾಧನೆಯನ್ನು ಅದಕ್ಕೆ ಒದಗಿಸಿಕೊಟ್ಟರು.

ಇನ್ನು ನಮ್ಮ ನಗರದ ಪ್ರಸಂಗಕ್ಕೆ ಬರೋಣ. 2009ರಲ್ಲಿ ಟ್ಯುನೀಶಿಯಾದಲ್ಲಿ ನಡೆದ ಆಫ್ರಿಕಾಕ್ರಿಪ್ಟ್ ಎಂಬ ವಿದ್ವತ್ ಸಮ್ಮೇಳನದಲ್ಲಿ ಗಲಿಂಡೋ ಮತ್ತು ಗಾರ್ಸಿಯಾ ಎಂಬ ಇಬ್ಬರು ಸಂಶೋಧಕರು ಒಂದು ಹೊಸ ಸಹಿ ವಿಧಾನವನ್ನು ಮಂಡಿಸಿದರು. ಉದ್ದನೆಯ ಬಹಿರಂಗ ಸಂಖ್ಯೆಯ ಬದಲು ವ್ಯಕ್ತಿಯ ಹೆಸರು ಅಥವಾ ವಿಳಾಸವನ್ನೇ ಗುರುತಾಗಿ ಬಳಸಬಹುದಾದ ಬಗೆ ಅದು. ಹಗುರ, ಸರಳ, ಆ ಬಗೆಯಲ್ಲೇ ಅತ್ಯಂತ ಮಿತವ್ಯಯದ್ದೆಂಬ ವಾದವೂ ಜೊತೆಗಿತ್ತು. ಅದರ ಭದ್ರತೆಯನ್ನು ಎರಡು ಭಾಗಗಳ ತರ್ಕದಿಂದ ಸಾಧಿಸಲಾಗಿತ್ತು. ವಿದ್ವಾಂಸರು ಪರಿಶೀಲಿಸಿ ಅಂಗೀಕರಿಸಿದ ಪ್ರಬಂಧವದು.

ಮೇಖ್ರಿ ಸರ್ಕಲ್‌ನಿಂದ ಯಶವಂತಪುರಕ್ಕೆ ಸಿ.ವಿ. ರಾಮನ್ ರಸ್ತೆಯಲ್ಲಿ ಹೋಗುವಾಗ ಪಕ್ಕದಲ್ಲಿ ಸಿಗುವ ಮರಗಳ ಕಾಡು ಎಲ್ಲರಿಗೂ ಪರಿಚಿತ. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಅದು. ಮೈಸೂರು ಅರಮನೆ ಕೊಟ್ಟ 371 ಎಕರೆ ಭೂಮಿಯಲ್ಲಿ, 1909ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಗಣಕ ವಿಜ್ಞಾನ ವಿಭಾಗದ ಸಂಜಿತ್ ಚಟರ್ಜಿ, ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಚೇತನ್ ಕಾಮತ್ ಮತ್ತು ವಿಕಾಸ್ ಕುಮಾರ್ ಆ ಎರಡು ಭಾಗಗಳ ತರ್ಕವನ್ನು ಸಾಲು ಸಾಲಾಗಿ ಬಿಡಿಸಿ ನೋಡಿದರು. ಮೊದಲನೆಯ ಭಾಗ ಒಪ್ಪಿತ ಭದ್ರತಾ ಮಾದರಿಯಲ್ಲಿ ನಿಲ್ಲುವುದೇ ಇಲ್ಲವೆಂದೂ ಎರಡನೆಯದು ಅಪೂರ್ಣವೆಂದೂ ಅವರು ಕಂಡುಕೊಂಡರು. ತಪ್ಪು ತೋರಿಸಿ ಕೈತೊಳೆದುಕೊಳ್ಳಲಿಲ್ಲ. ಹಳೆಯ ತರ್ಕದ ಬಿರುಕುಗಳನ್ನು ಮುಚ್ಚುವ ದಾರಿಯನ್ನು ಸೂಚಿಸಿ, ಅನಂತರ ಮೂರು ಭಾಗಗಳ ಹೊಸ ಸಾಧನೆಯೊಂದನ್ನು ಕಟ್ಟಿಕೊಟ್ಟರು. ಅದು ಹಳೆಯದಕ್ಕಿಂತ ಹೆಚ್ಚು ಬಿಗಿಯಾದುದು. 2012ರಲ್ಲಿ ಆ ಪ್ರಬಂಧ ದಕ್ಷಿಣ ಕೊರಿಯಾದ ಸೋಲ್ ಸಮ್ಮೇಳನದಲ್ಲಿ ಸ್ವೀಕೃತವಾಯಿತು. ಕಾಮತ್ ಮುಂದೆ ಡಾಕ್ಟರೇಟ್‌ಗಾಗಿ ಆಸ್ಟ್ರಿಯಾಕ್ಕೆ ತೆರಳಿದರು.

ಸಹಿಯ ವಿಧಾನವೇನೂ ಮುರಿದುಬೀಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕಟ್ಟಡ ಗಟ್ಟಿಯಾಗಿಯೇ ಇತ್ತು. ಅದು ಗಟ್ಟಿಯೆಂದು ಹೇಳುವ ಇಂಜಿನಿಯರರ ಪ್ರಮಾಣ ಪತ್ರದಲ್ಲಿ ತಪ್ಪಿತ್ತು. ಅಂಥ ತಪ್ಪು ಮೂರು ವರ್ಷ ಯಾರ ಗಮನಕ್ಕೂ ಬಾರದೆ ಉಳಿಯಬಹುದಾದರೆ, ನಿಜವಾಗಿಯೂ ಬಿರುಕು ಬಿಟ್ಟ ಕಟ್ಟಡಕ್ಕೆ ಪ್ರಮಾಣ ಪತ್ರ ಸಿಗುವುದೂ ಸಾಧ್ಯ ಎಂಬುದೇ ಭಯ. ಆ ಭಯ ಕಾಲ್ಪನಿಕವಲ್ಲ. ರೇನ್‌ಬೋ ಎಂಬ ಸಹಿ ವಿಧಾನವು ಅಮೆರಿಕದ ಮಾನದಂಡ ಸಂಸ್ಥೆಯ ಜಾಗತಿಕ ಸ್ಪರ್ಧೆಯಲ್ಲಿ ಹಲವು ವರ್ಷಗಳ ಪರಿಶೀಲನೆ ದಾಟಿ ಅಂತಿಮ ಸುತ್ತಿಗೆ ಬಂದಿತ್ತು. 2022ರಲ್ಲಿ ವಾರ್ಡ್ ಬ್ಯೂಲೆನ್ಸ್ ಎಂಬ ಯುವ ಸಂಶೋಧಕ ಅದರ ಒಂದು ಶ್ರೇಣಿಯನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ, ಒಂದು ವಾರಾಂತ್ಯದ ಅವಧಿಯಲ್ಲಿ ಮುರಿಯಬಹುದೆಂದು ತೋರಿಸಿದ. ಇದನ್ನು ಕಂಡುಹಿಡಿದವನು ಸಂಶೋಧಕನಾದ್ದರಿಂದ ಪ್ರಬಂಧ ಬಂತು. ಅಪರಾಧಿಯಾಗಿದ್ದರೆ ಸುದ್ದಿಯೂ ಆಗುತ್ತಿರಲಿಲ್ಲ.

ಇಷ್ಟಾದರೂ ಗಣಿತವೇ ಎಲ್ಲವನ್ನೂ ಕಾಯುತ್ತದೆಂದು ನಾವು ವಾದಿಸುತ್ತಿಲ್ಲ. ಸೋನಿ ಕಂಪೆನಿಯು ತನ್ನ ಆಟದ ಯಂತ್ರಕ್ಕೆ ಬಳಸಿದ ಸಹಿಯಲ್ಲಿ ಪ್ರತಿ ಬಾರಿಯೂ ಹೊಸದಾಗಿ ಆರಿಸಬೇಕಾದ ಒಂದು ಸಂಖ್ಯೆಯನ್ನು ಬದಲಿಸದೆ ಇಟ್ಟುಕೊಂಡಿತ್ತು. 2010ರಲ್ಲಿ ಕೆಲವರು ಅದರಿಂದಲೇ ಅದರ ಗುಟ್ಟಿನ ಸಂಖ್ಯೆಯನ್ನು ಹೊರತೆಗೆದರು. ನಮ್ಮ ದೇಶದಲ್ಲಿಯೇ 2014ರ ಜುಲೈಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ಘಟಕದಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣ ಪತ್ರಗಳು ಹೊರಬಿದ್ದಿದ್ದವು, ಅವುಗಳನ್ನು ರದ್ದುಪಡಿಸಬೇಕಾಯಿತು. ಅಧಿಕಾರಿ ತನ್ನ ಸಹಿಯ ಡಾಂಗಲನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದರೆ ಗೋಲ್ಡ್‌ವಾಸರ್‌ರ ವ್ಯಾಖ್ಯೆ ಏನು ಮಾಡೀತು? ಅರೀಸ್ ಬಾವಿಯ ಅಪಾಯ ಇಂದಿಗೂ ತಪ್ಪಿಲ್ಲ. ಆದರೆ ಡಾಂಗಲ್ ಕದ್ದರೆ ಒಬ್ಬ ಅಧಿಕಾರಿಯ ಸಹಿ ಮಾತ್ರ ಹಾಳಾಗುತ್ತದೆ, ಅದನ್ನು ಮರುದಿನ ರದ್ದುಪಡಿಸಬಹುದು. ಗಣಿತ ಕುಸಿದರೆ ರಾಜ್ಯದ ಸಕಲ ಪಹಣಿಗಳ ಸಹಿಯೂ ಒಂದೇ ದಿನ ಸಂಶಯಾಸ್ಪದವಾಗುತ್ತದೆ.

ಈಗ ಅಂಥದೊಂದು ದಿನದ ಮಾತು ಗಂಭೀರವಾಗಿಯೇ ನಡೆಯುತ್ತಿದೆ. ಕ್ವಾಂಟಂ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಸಿದ್ಧವಾದರೆ ಇಂದು ಬಳಕೆಯಲ್ಲಿರುವ ಸಹಿಗಳ ಹಿಂದಿನ ಒಗಟುಗಳು ಬಿಡಿಸಿಹೋಗುತ್ತವೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದರು. ಅದನ್ನು ಎದುರಿಸಬಲ್ಲ ಹೊಸ ಸಹಿಗಳ ಮಾನದಂಡಗಳನ್ನು ಅಮೆರಿಕದ ಸಂಸ್ಥೆ 2024ರ ಆಗಸ್ಟ್ 13ರಂದು ಪ್ರಕಟಿಸಿದೆ. ಭಾರತವು 2023ರಲ್ಲಿ 6,003 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅನುಮೋದನೆ ಕೊಟ್ಟಿತು. ಅದರ ಒಂದು ಕೇಂದ್ರ ಯಶವಂತಪುರದ ಇದೇ ಸಂಸ್ಥೆಯಲ್ಲಿದೆ. ಹೊಸ ಸಹಿಗಳಿಗೆ ಹೊಸ ಸಾಧನೆಗಳು ಬೇಕು. ಆ ಸಾಧನೆಗಳಲ್ಲಿ ತಪ್ಪು ಹುಡುಕುವ ಕಣ್ಣುಗಳೂ ಬೇಕು. ವಿಷಯ ನಮಗೆ ದೂರದ್ದಲ್ಲ. ಮೊಬೈಲಿನ ಸಂದೇಶಕ್ಕೆ ಸಹಿ ಒಂದು ಕ್ಷಣ ಬಾಳಿದರೆ ಸಾಕು. ಆಸ್ತಿಯ ಪಾಲುಪಟ್ಟಿ ಮತ್ತು ವಕ್ಫ್ ದಾಖಲೆಗಳು ಮೊಮ್ಮಕ್ಕಳ ಕಾಲಕ್ಕೂ ಸಾಕ್ಷಿ ನುಡಿಯಬೇಕಾದವು. 2025ರಲ್ಲಿ ಉಮೀದ್ ಪೋರ್ಟಲ್‌ಗೆ ಮಸೀದಿ, ಖಬರಸ್ಥಾನಗಳ ಕಾಗದಗಳನ್ನು ಏರಿಸಲು ಆಡಳಿತ ಸಮಿತಿಗಳು ಪಟ್ಟ ಪಾಡನ್ನು ನಾವು ಕಂಡಿದ್ದೇವೆ. ಆ ಕಡತಗಳು ಐವತ್ತು ವರ್ಷಗಳ ಬಳಿಕ ನ್ಯಾಯಾಲಯದಲ್ಲಿ ಏನು ಹೇಳಲಿವೆ ಎಂಬ ಪ್ರಶ್ನೆ ಕೇಳಬಲ್ಲ ಒಬ್ಬ ಗಣಿತಜ್ಞನಾದರೂ ಆ ಸಮಿತಿಗಳ ಪರಿಚಯದಲ್ಲಿದ್ದನೇ?

ಇದ್ದಿರಲಾರ ಎಂದರೆ ಅಚ್ಚರಿಯಿಲ್ಲ. ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ ಇಪ್ಪತ್ತೈದು ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಹಂತದಲ್ಲಿ ಐವತ್ತರಲ್ಲಿ ಒಬ್ಬ ಮುಸ್ಲಿಮ್ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2019-20ರಲ್ಲಿ 21 ಲಕ್ಷದಷ್ಟಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಇಳಿಯಿತು. ಕೊರೋನಾ ವರ್ಷವೆಂಬ ಸಮಾಧಾನ ಹೇಳಬಹುದು. ಆದರೆ ಅದೇ ಕೊರೋನಾ ವರ್ಷದಲ್ಲಿ ಇತರ ಹಿಂದುಳಿದ ಸಮುದಾಯಗಳ ಸಂಖ್ಯೆ ಏರಿತ್ತು.

ಇದರ ನಡುವೆ ಕೇಂದ್ರ ಸರಕಾರ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪನ್ನು ಕೈಬಿಟ್ಟಿತು. ಸಾಚಾರ್ ವರದಿಯ ನಂತರ, 2009ರಲ್ಲಿ, ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಆರಂಭವಾದ ಯೋಜನೆಯದು. 2014-15ರಿಂದ 2021-22ರ ವರೆಗೆ 6,722 ಮಂದಿ ಅದಕ್ಕೆ ಆಯ್ಕೆಯಾಗಿದ್ದರು, 738.85 ಕೋಟಿ ರೂಪಾಯಿ ಹಂಚಿಕೆಯಾಗಿತ್ತು ಎಂಬ ಲೆಕ್ಕವನ್ನು ಕೊಟ್ಟವರು ಅಂದಿನ ಸಚಿವೆ ಸ್ಮೃತಿ ಇರಾನಿಯವರೇ. 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಅದೇ ಉತ್ತರದಲ್ಲಿ, ಇತರ ಯೋಜನೆಗಳೊಂದಿಗೆ ಇದು ಅತಿಕ್ರಮಿಸುತ್ತದೆ, ಆದ್ದರಿಂದ 2022-23ರಿಂದ ನಿಲ್ಲಿಸಲಾಗುತ್ತಿದೆ ಎಂದರು. ಅತಿಕ್ರಮಣದ ಈ ವಾದ ನಿಲ್ಲುವಂಥದಲ್ಲ. ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಫೆಲೋಶಿಪ್ ಪಡೆಯಲು ನಿಯಮವೇ ಬಿಡುವುದಿಲ್ಲ. ಆದ ಮೇಲೆ ಉಳಿತಾಯವಾದದ್ದು ಯಾರ ಹಣ, ಕಳೆದುಹೋದದ್ದು ಯಾರ ಅವಕಾಶ? ಮೊದಲೇ ಆಯ್ಕೆಯಾಗಿದ್ದವರಿಗೂ 2025ರಲ್ಲಿ ತಿಂಗಳುಗಟ್ಟಲೆ ಹಣ ಬರಲಿಲ್ಲ. ಪ್ರಯೋಗಾಲಯದಲ್ಲಿ ನಾಲ್ಕನೆಯ ವರ್ಷದಲ್ಲಿರುವ ಯುವಕನೊಬ್ಬ ಬಾಡಿಗೆಗಾಗಿ ಸಾಲ ಕೇಳುವ ಸ್ಥಿತಿಯನ್ನು ಆಡಳಿತಾತ್ಮಕ ವಿಳಂಬ ಎಂಬ ಎರಡು ಪದಗಳಿಂದ ಮುಚ್ಚಲಾಗದು.

ಆದರೆ ಸರಕಾರವನ್ನು ದೂರಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ಆ ಫೆಲೋಶಿಪ್ ಇದ್ದಾಗಲೂ ನಮ್ಮಿಂದ ತುಂಬಿರಲಿಲ್ಲ, ಅದು ನಿಂತದ್ದರಿಂದ ಮುಚ್ಚಿಯೂ ಇಲ್ಲ. ಅಲ್ಲಿ ಡಾಕ್ಟರೇಟ್‌ಗೆ ಸೇರುವವರು ಗೇಟ್ ಅಥವಾ ನೆಟ್ ಪರೀಕ್ಷೆ ಬರೆದು, ಸಂದರ್ಶನದಲ್ಲಿ ಗೆದ್ದು ಬರುತ್ತಾರೆ. ಇಂಜಿನಿಯರಿಂಗ್ ಪದವಿಯ ಬಳಿಕ ನೇರವಾಗಿಯೂ ಸೇರಬಹುದು. ಬಂದವರಿಗೆ ಶಿಷ್ಯವೇತನವಿದೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಐದು ವರ್ಷಕ್ಕೆ ಕೂಡಿಸಿದರೆ 24 ಲಕ್ಷ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ 70ರಿಂದ 80 ಸಾವಿರದ ದರದಲ್ಲಿ ಆರಂಭವಾಗಿತ್ತು. ಹೆಬ್ಬಾಳದ ಸಾಫ್ಟ್‌ವೇರ್ ಪಾರ್ಕುಗಳಲ್ಲಿ ಅದೇ ಹುಡುಗ ಇದಕ್ಕಿಂತ ಹೆಚ್ಚು ದುಡಿಯಬಹುದೆಂಬುದು ನಿಜ. ಅಡಗಿಸಿಡುವುದೇಕೆ, ಬಹಳಷ್ಟು ಹೆಚ್ಚೇ ದುಡಿಯಬಹುದು. ಆದರೆ ಓದುವುದಕ್ಕೆ ಸಂಬಳ ಕೊಡುತ್ತಾರೆಂಬ ಸಂಗತಿಯೇ ಗೊತ್ತಿಲ್ಲದೆ, ಡಾಕ್ಟರೇಟ್ ಎಂದರೆ ಇನ್ನೂ ಐದು ವರ್ಷ ತಂದೆಯ ಹೆಗಲ ಮೇಲಿನ ಭಾರ ಎಂದು ಭಾವಿಸಿ ಆ ದಾರಿಯನ್ನು ಮುಚ್ಚಿಕೊಂಡ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ!

ನಮ್ಮ ಸಭೆಗಳಲ್ಲಿ ಹೈಸ್ಕೂಲು ಮುಗಿಸಿದವರಿಗೆ ಸನ್ಮಾನವಿದೆ, ವೈದ್ಯಕೀಯ ಸೀಟು ಪಡೆದವರಿಗೆ ಸ್ಮರಣಿಕೆಯಿದೆ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಇದೇ ನಗರದಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಕಟ್ಟಿದಾಗ, ಕಾಲೇಜಿಗೆ ಮಕ್ಕಳನ್ನು ಕಳುಹಿಸುವುದೇ ಒಂದು ಸುಧಾರಣೆಯಾಗಿತ್ತು. ಆ ಸುಧಾರಣೆ ಫಲ ಕೊಟ್ಟಿದೆ, ಮನೆಮನೆಯಲ್ಲಿ ಪದವೀಧರರಿದ್ದಾರೆ. ಆದರೆ ನಾವು ಪದವಿಯನ್ನು ಉದ್ಯೋಗದ ಚೀಟಿಯೆಂದು ಮಾತ್ರ ಕಂಡೆವು. ಇಂಜಿನಿಯರಿಂಗ್ ಮುಗಿದ ಮಗನಿಗೆ ಗಲ್ಫ್‌ನ ವೀಸಾ, ಮಗಳಿಗೆ ಮದುವೆ. ಈ ಎರಡು ಉತ್ತರಗಳನ್ನು ಮೊದಲೇ ಸಿದ್ಧವಿಟ್ಟುಕೊಂಡವರಿಗೆ ಮೂರನೆಯ ಪ್ರಶ್ನೆ ಹೊಳೆಯುವುದೇ ಇಲ್ಲ. ಗಣಿತದ ಸಾಧನೆಗಳನ್ನು ಪರಿಶೀಲಿಸುವ ಕೆಲಸಕ್ಕೆ ಬೇಕಾದದ್ದು ಕಾಗದ, ಪೆನ್ನು, ತಾಳ್ಮೆ. ರಾತ್ರಿಯಿಡೀ ನಿಲ್ಲಬೇಕಾದ ಪ್ರಯೋಗಾಲಯವಿಲ್ಲ, ಊರೂರು ಅಲೆಯುವ ಕ್ಷೇತ್ರಕಾರ್ಯವಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ಈ ದಾರಿಯಿಂದ ತಡೆಯಲು ಸಾಮಾನ್ಯವಾಗಿ ಹೇಳುವ ನೆಪಗಳಲ್ಲಿ ಒಂದೂ ಇಲ್ಲಿ ಅನ್ವಯಿಸುವುದಿಲ್ಲ. ಆ ಸಂಸ್ಥೆಯ ಗಣಕ ವಿಭಾಗದಲ್ಲಿ ಗುಪ್ತಲಿಪಿ ಶಾಸ್ತ್ರವನ್ನು ಬೋಧಿಸಿ ಸಂಶೋಧನೆ ನಡೆಸುವವರ ಪೈಕಿ ಅರ್ಪಿತಾ ಪಾತ್ರ, ಭಾವನಾ ಕಣುಕುರ್ತಿ, ಛಾಯಾ ಗಣೇಶ್ ಮಹಿಳೆಯರೇ.

ತೊಡಕುಗಳೂ ಇವೆ. ಐದು ವರ್ಷ ಸಣ್ಣ ಅವಧಿಯಲ್ಲ, ಆರಂಭಿಸಿದವರೆಲ್ಲ ಮುಗಿಸುವುದೂ ಇಲ್ಲ. ಇನ್ನೊಬ್ಬರ ತರ್ಕದಲ್ಲಿ ತಪ್ಪು ಹುಡುಕುವುದಕ್ಕೇ ಒಂದು ವರ್ಷ ಕಳೆದು, ಕೊನೆಗೆ ತಪ್ಪೇನೂ ಇಲ್ಲವೆಂದು ತಿಳಿದುಬರಬಹುದು. ಮನೆಯವರು ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಮಗ ಅಥವಾ ಮಗಳು ಆ ಒಂದು ವರ್ಷವನ್ನು ಮನೆಯವರ ಚುಚ್ಚುಮಾತಿಲ್ಲದೆ ಕಳೆಯುವಂತಿದ್ದರೆ, ಆ ಮನೆ ಕೊಡಬಹುದಾದ ದೊಡ್ಡ ನೆರವು ಅದೇ.

ಹಣದ ನೆರವು ಬೇಕಾಗುವುದು ಅದಕ್ಕೂ ಮೊದಲು. ಗೇಟ್ ಪರೀಕ್ಷೆಗೆ ಸಿದ್ಧವಾಗುವ ಒಂದು ವರ್ಷ ಸಂಬಳವಿಲ್ಲ, ಶಿಷ್ಯವೇತನವಿಲ್ಲ. ಮಧ್ಯಮ ಕುಟುಂಬದ ಹುಡುಗ ಕೈಗೆ ಸಿಕ್ಕ ಕೆಲಸಕ್ಕೆ ಸೇರುವುದು ಆ ಒಂದು ವರ್ಷದಲ್ಲೇ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಜಮಾಅತ್‌ಗಳು ತಮ್ಮ ವಿದ್ಯಾರ್ಥಿ ನಿಧಿಯನ್ನು ಹತ್ತಾರು ಮಂದಿಗೆ ಸಾವಿರ ಸಾವಿರವಾಗಿ ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದರ ಬದಲು, ಗಣಿತದಲ್ಲಿ ನಿಜವಾದ ಒಲವಿರುವ ಇಬ್ಬರನ್ನು ಗುರುತಿಸಿ ಒಂದು ವರ್ಷ ಪೂರ್ತಿ ಪೋಷಿಸಬಾರದೇಕೆ? ಗೇಟ್ ಪರೀಕ್ಷೆ ಪ್ರತಿ ವರ್ಷ ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿ ಹಾಕುವ ಕಾಲ ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್. ಇಬ್ಬರ ಹೆಸರು ನಿರ್ಧರಿಸಲು ಜುಲೈಯ ಒಂದು ಶುಕ್ರವಾರ, ಜುಮಾ ಮುಗಿದ ಮೇಲಿನ ಅರ್ಧ ತಾಸು ಸಾಕು.